ಶನಿವಾರ ಯಾರ ಮನೆ?

ಮೂರನೇ ಮಹಾಯುದ್ಧ ಇನ್ನೂ ಆಗಿಲ್ಲವಲ್ಲ, ಅದಕ್ಕೆ ಕಾರಣ ನನ್ನ ಭಾವ! ನೀವು ನಗುತ್ತೀರಿ, ಗೊತ್ತು. ನಗಿ. ನನಗೆ ಮಾತ್ರ ನಗುವಷ್ಟು ತ್ರಾಣ ಉಳಿದಿಲ್ಲ. ಭಾವನಿಗೆ ಬೇಕಾದದ್ದು ಲೋಕಶಾಂತಿ; ನನಗೆ ಬೇಕಾದದ್ದು ಆದಿತ್ಯವಾರ ಮಧ್ಯಾಹ್ನದ ಒಂದು ನಿದ್ದೆ. ಎರಡೂ ಸುಲಭಕ್ಕೆ ಸಿಗುವ ವಸ್ತುಗಳಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಸಾಲಿಗ್ರಾಮದ ಹತ್ತಿರ ನಾಲ್ಕು ಗದ್ದೆ, ಎರಡು ಎಮ್ಮೆ, ಎಂದೂ ಮುಚ್ಚದ ಬಾಯಿ. ಹುಡುಗನಾಗಿದ್ದಾಗ ಕುಂದಾಪುರದಲ್ಲಿ ವಾರಾನ್ನ ಮಾಡಿಕೊಂಡು, ಎಂದರೆ ದಿನಕ್ಕೊಂದು ಮನೆಯಲ್ಲಿ ಉಂಡುಕೊಂಡು, ಶಾಲೆಗೆ ಹೋದವರು. ಮೆಟ್ರಿಕ್ ಮುಗಿಸದೆ ಒಂದು ದಿನ ಟ್ರಂಕು ಹೊತ್ತುಕೊಂಡು ಊರಿಗೆ ಬಂದರಂತೆ. ಯಾಕೆಂದು ಯಾರು ಕೇಳಿದರೂ, "ವಿದ್ಯೆ ನಂಗೆ ಒಗ್ಗಲಿಲ್ಲೆ ಮಾರಾಯಾ" ಎಂದು ಎಮ್ಮೆಯ ಸುದ್ದಿಗೆ ಹೊರಳುತ್ತಿದ್ದರು.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಭಾವ ಹೋಟೆಲಿನಿಂದ ಗೋಳಿಬಜೆ ಕಟ್ಟಿಸಿಕೊಂಡು ಬಂದರು. ಬಜೆ ನಮ್ಮ ಮಕ್ಕಳ ಪಾಲಾಯಿತು, ಕಟ್ಟಿದ ಪತ್ರಿಕೆಯ ಹಾಳೆ ನನ್ನ ಪಾಲಿಗೆ ಶನಿಯಾಯಿತು. ಅದರಲ್ಲಿ ಯಾರೋ ವಿದ್ವಾಂಸರು ಬರೆದಿದ್ದರು: ದೇಶದೇಶಗಳ ವಿಶ್ವವಿದ್ಯಾಲಯಗಳು ಕೈಜೋಡಿಸಿ ವಿದ್ಯಾರ್ಥಿಗಳನ್ನು ಅತ್ತಿತ್ತ ಕಳಿಸಿಕೊಂಡರೆ ಮುಂದೆ ಯುದ್ಧವಾಗಲಾರದು, ಹಿಂದುಳಿದ ಸೀಮೆಗಳೂ ಮೇಲೆ ಬಂದಾವು. ಕೊನೆಯ ಸಾಲುಗಳನ್ನು ಎಣ್ಣೆ ನುಂಗಿತ್ತು. ಉಳಿದಷ್ಟೇ ಭಾವನಿಗೆ ಸಾಕಾಯಿತು.

"ಸಮಾ ಬರ್ದಿದ್ರ್! ಉಂಡ್ ಮನಿ ಜಂತಿ ಎಣ್ಸುಕಾಗ ಅಂತ್ರ್. ಉಂಡ್ ಮನಿ ಮೇಲೆ ಬಾಂಬ್ ಹಾಕುವವ ಇದ್ನಾ?"

"ನಮ್ಮಲ್ಲಿ ವಿಶ್ವವಿದ್ಯಾಲಯ ಎಲ್ಲಿತ್ತ್ ಭಾವಯ್ಯ?"

"ಉಂಬುಕೆ ಏಳ್ ಮನಿ ಇದ್ರೆ ಓದುವ ಮಕ್ಕಳ್ ಬತ್ರ್. ಕಟ್ಟಡ ಎಂತ, ಮತ್ತೆ ಕಟ್ಟಿರಾಯ್ತ್!"

ನಾನು ಬೋರ್ಡ್ ಶಾಲೆಯ ಮೇಷ್ಟ್ರು. ಇಂಗ್ಲಿಷ್ ಬರುತ್ತದೆ ಎಂಬ ಅಪವಾದ ನನ್ನ ಮೇಲಿತ್ತು. ಇಂಗ್ಲೆಂಡಿಗೊಂದು, ಜರ್ಮನಿಗೊಂದು, ಜಪಾನಿಗೊಂದು ಕಾಗದ ಬರೆಯುವ ಕೆಲಸ ನನಗೇ ಬಿತ್ತು. ವಿಳಾಸ ಏನೆಂದು ಕೇಳಿದರೆ, "ದೊಡ್ಡ ಮೇಷ್ಟ್ರು, ವಿಶ್ವವಿದ್ಯಾಲಯ, ಜರ್ಮನಿ. ಅಲ್ಲಿ ಟಪಾಲಿನವರಿಗೆ ಗೊತ್ತಿರ್ತ್" ಎಂದರು. ನಾನು ಶಾಲೆಯ ಭೂಗೋಳದ ಪುಸ್ತಕ ಹುಡುಕಿ ಒಂದೊಂದು ಊರಿನ ಹೆಸರು ಸೇರಿಸಿದೆ.

ಆದರೆ ಏಳು ಮನೆ ನಿಶ್ಚಯವಾಗದೆ ಕಾಗದ ಟಪಾಲಿಗೆ ಬೀಳುವಂತಿರಲಿಲ್ಲ. ಅಷ್ಟೂ ದಿನ ನೀವೇ ಊಟ ಹಾಕಿ ಎಂದು ಹೇಳಿ ನೋಡಿದೆ. ಕೇಳಬೇಕಲ್ಲ! "ಒಂದೇ ಮನ್ಯಲ್ಲಿ ಉಂಡವ ನೆಂಟ. ಏಳ್ ಮನ್ಯಲ್ಲಿ ಉಂಡವ ಊರಿನವ." ಸರಿ, ಪ್ರತಿ ಆದಿತ್ಯವಾರ ನಾನು ಚಾಪೆಗೆ ತಲೆ ಇಡುವುದಕ್ಕೂ ಅಂಗಳದಲ್ಲಿ "ಹ್ವಾಯ್!" ಕೇಳುವುದಕ್ಕೂ ಸರಿಹೋಗುತ್ತಿತ್ತು. ಕೊಡೆ ಹಿಡಿದು ಹೊರಟೆವು.

ಸಾಸ್ತಾನದ ದೊಡ್ಡ ಬೇಸಾಯದ ಮನೆಯ ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ.

"ಅವ ಕೋಳಿ ತಿಂತ್ನಾ?"

"ತಿಂತ."

"ಹಂಗಾರೆ ಆಯ್ತ್ವಾರ ನಮ್ದ್!"

ಸೋಮವಾರ ಭಾವನದೇ. ಮಂಗಳವಾರಕ್ಕೆ ಕೋಟದ ಒಬ್ಬ ಮಡಿ ಅಜ್ಜಿ. "ಜಗಲಿ ಮೇಲೆ ಬಡಿಸ್ತೆ. ಉಂಡ್ ಎಲಿ ಮಾತ್ರ ಅವನೇ ತೆಗಿಕ್" ಎಂದರು. ಭಾವ ಒಪ್ಪಿದರು, "ವಾರಾನ್ನದ ಮಕ್ಕಳ್ ತೆಗುದೇ ಸೈ ಅಲ್ದಾ ಅಮ್ಮ." ನಾವು ಬೇಲಿಯ ದಣಪೆ ದಾಟುವಷ್ಟರಲ್ಲಿ ಅಜ್ಜಿ ಕೂಗಿ ಹೇಳಿದರು, "ಬ್ಯಾಡ. ಹೆತ್ತ ಅಬ್ಬಿನ್ ಬಿಟ್ಟ್ ಬಪ್ಪವ. ನಾನೇ ತೆಗ್ದ್ ಮಿಂದ್ಕಂತೆ!"

ಬುಧವಾರ ಬ್ರಹ್ಮಾವರದ ಕ್ರೈಸ್ತ ಬಾಯಮ್ಮನ ಮನೆ. ಗುರುವಾರಕ್ಕೆ ಬೈಂದೂರಿನ ಒಂದು ಮನೆ. ಅಲ್ಲಿಗೆ ಹೋಗುವಾಗ ಕುಂದಾಪುರದ ಕಡವಿನಲ್ಲಿ ದೋಣಿಗೆ ಎರಡು ತಾಸು ಕಾದೆವು. ಭಾವ ಸುಮ್ಮನಿರುತ್ತಾರೆಯೇ?

"ಕಾಗದಕ್ಕೆ ಇದನ್ನೂ ಸೇರ್ಸ್. ಅವರ ಮಕ್ಕಳ್ ನಮ್ಗೆ ಹೊಳಿಗೆ ಸಂಕ ಕಟ್ಟುಕೆ ಕಲಿಸ್ಲಿ."

"ನಾವ್ ಅವರಿಗೆ ಎಂತ ಕಲ್ಸುದ್?"

"ದೋಣಿಗೆ ಕಾವುಕೆ!"

ಶುಕ್ರವಾರಕ್ಕೆ ಕುಂದಾಪುರದ ಒಬ್ಬ ಜವಳಿಯವರು ಒಪ್ಪಿದರು. ಪಟ್ಟಿ ನೋಡಿ ನನಗೆ ತಲೆ ತಿರುಗಿತು. ಬುಧವಾರ ಬ್ರಹ್ಮಾವರದಲ್ಲಿ ಉಂಡವ ಗುರುವಾರ ಬೈಂದೂರಿನಲ್ಲಿ ಉಣ್ಣಬೇಕು. ಓದುವುದು ಯಾವಾಗ? "ನಡಿತಾ ಓದ್ತ" ಎಂದರು ಭಾವ.

ಉಳಿದದ್ದು ಶನಿವಾರ. ಶನಿವಾರ ಅರ್ಧ ಊರಿಗೆ ಒಪ್ಪೊತ್ತು. ಉಳಿದರ್ಧಕ್ಕೆ ರೇಷನ್ ಅಕ್ಕಿ ಮುಗಿಯುವ ದಿನ. ಹತ್ತು ಮನೆ ಹತ್ತಿಳಿದು ಕೊನೆಗೆ ಭಾವ ನನ್ನ ಮುಖ ನೋಡಿದರು.

"ಶನಿವಾರ ನಿನ್ ಮನಿ ಅಂತ ಬರಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕಳೆದುಕೊಂಡ ಅಷ್ಟೂ ಆದಿತ್ಯವಾರಗಳು ಒಮ್ಮೆಗೇ ಬಾಯಿಗೆ ಬಂದವು. "ಆಪುದಲ್ಲ ಭಾವಯ್ಯ. ಇಪ್ಪ ಅಕ್ಕಿ ನಮ್ಗೇ ಸಾಲುದಿಲ್ಲೆ. ಯಾರೂ ಬಪ್ಪುದೂ ಇಲ್ಲೆ. ಬಂದ್ರೂ ವಾರದಲ್ಲಿ ಒಂದಿನ ಉಪಾಸ ಇದ್ರೆ ಯಾರೂ ಸಾಯುದಿಲ್ಲೆ!"

ಭಾವ ಜಗಳ ಮಾಡಲಿಲ್ಲ. ಅದೇ ವಿಚಿತ್ರ. "ಹೌದ್. ಸಾಯುದಿಲ್ಲೆ" ಎಂದರು. ಕೊಡೆ ಬಿಚ್ಚುತ್ತ, "ಹಂಗಾರೆ ಶನಿವಾರ ಖಾಲಿ ಬಿಡ್. ಸುಳ್ಳ್ ಬರಿಯುಕಾಗ" ಎಂದರು. ಮೂರು ಕಾಗದವೂ ಹಾಗೆಯೇ ಹೋದವು.

ಇಂಗ್ಲೆಂಡಿನಿಂದ ಉತ್ತರವೇ ಬರಲಿಲ್ಲ. ಅವರಿಗೆ ಇಲ್ಲಿಂದ ಗಂಟುಮೂಟೆ ಕಟ್ಟುವ ಅವಸರ! ಜಪಾನಿಗೆ ಹೋದದ್ದು ಮೈತುಂಬ ಮುದ್ರೆ ಒತ್ತಿಸಿಕೊಂಡು ತಿರುಗಿ ಬಂತು. "ಕಾಣ್, ಎಷ್ಟ್ ಜನ ಓದಿದ್ರ್!" ಎಂದು ಭಾವ ಅದನ್ನು ಊರಿಡೀ ತೋರಿಸಿಕೊಂಡು ಬಂದರು. ದಿನವೂ ಟಪಾಲಿನವನನ್ನು ದಾರಿಯಲ್ಲಿ ಅಡ್ಡಗಟ್ಟಿ ಕೇಳುವುದು ಮಾತ್ರ ಬಿಡಲಿಲ್ಲ.

ವರ್ಷ ಕಳೆಯುತ್ತ ಬಂದಾಗ ಜರ್ಮನಿಯಿಂದ ಒಂದು ತೆಳ್ಳನೆಯ ಕಾಗದ ಬಂತು. ಭಾವ ಒಡೆಯದೆ ನನ್ನ ಮನೆಗೆ ಓಡಿಬಂದರು. ಆದಿತ್ಯವಾರ ಮಧ್ಯಾಹ್ನವೇ, ಮತ್ತೆ ಯಾವಾಗ? ನಾನು ಕಣ್ಣುಜ್ಜಿಕೊಂಡು ಓದಿ ಹೇಳತೊಡಗಿದೆ. ಯಾರೋ ವಯಸ್ಸಾದ ಪ್ರೊಫೆಸರು, ನನ್ನ ಹಾಗೆಯೇ ತಡವರಿಸುವ ಇಂಗ್ಲಿಷ್. ಬಾಂಬು ಬಿದ್ದು ನಮ್ಮ ಕಟ್ಟಡಕ್ಕೆ ಸೂರಿಲ್ಲ, ಯಾರನ್ನೂ ಕಳಿಸುವ ಸ್ಥಿತಿಯಲ್ಲಿ ನಾವಿಲ್ಲ, ಕ್ಷಮಿಸಿ. ನಿಮ್ಮ ಪಟ್ಟಿಯನ್ನು ತರಗತಿಯಲ್ಲಿ ಓದಿದೆ. ನಮ್ಮ ಹುಡುಗರಿಗೆ ಈಗ ದಿನಕ್ಕೆ ಒಂದೇ ಊಟ. ನಮ್ಮಂಥವರಿಗೂ ಎಲ್ಲೋ ಆರು ಮನೆಯ ಬಾಗಿಲು ತೆರೆದಿದೆ ಎಂದು ಕೇಳಿ ಪಟ್ಟಿಯನ್ನು ಮತ್ತೊಮ್ಮೆ ಓದಿಸಿದರು. ಆಮೇಲೆ ಒಬ್ಬ ಎದ್ದು ಕೇಳಿದ: ಶನಿವಾರ ಖಾಲಿ ಇದೆಯಲ್ಲ, ಅಂದು ಆ ವಿದ್ಯಾರ್ಥಿ ಏನು ಮಾಡುತ್ತಾನೆ?

ಭಾವ ಅಂಗಳ ನೋಡುತ್ತಿದ್ದರು.

"ನೀರ್ ಕುಡಿತ" ಎಂದರು. "ದೇವಸ್ಥಾನದ ಕೆರಿ ನೀರ್. ಹೊಟ್ಟಿ ಸದ್ದ್ ಮಾಡ್ತ್ ಅಂದೇಳಿ ಕಡಿ ಬೆಂಚಿಯಲ್ಲಿ ಕೂಕಂತ. ಪರೀಕ್ಷೆ ಶನಿವಾರವೇ ಬಂದ್ರೆ ಪ್ರಶ್ನೆ ಓದುವತ್ತಿಗೆ ಕಣ್ಣಿಗೆ ಕತ್ಲಿ ಬತ್ತ್. ಮತ್ತೆ ಎಂತ? ಟ್ರಂಕ್ ಹೊತ್ಕಂಡ್ ಮನಿಗೆ ಬತ್ತ."

ನನ್ನ ಕೈಯ ಕಾಗದ ನನಗೇ ಕಾಣದಾಯಿತು. ಒಂದು ದಿನ ಉಪವಾಸವಿದ್ದರೆ ಯಾರೂ ಸಾಯುವುದಿಲ್ಲ ಎಂದು ನಾನು ಯಾರಿಗೆ ಹೇಳಿದ್ದೆ! ನಾಚಿಕೆಯಿಂದ ಎದ್ದು ಒಳಗೆ ಹೋದೆ. ಅಂದೇ ಕೂತು, ಯಾರೂ ಹೇಳದೆ, ಜರ್ಮನಿಗೆ ಉತ್ತರ ಬರೆದೆ: ಶನಿವಾರ, ನಮ್ಮ ಮನೆ.

ಯಾವ ಹುಡುಗನೂ ಬರಲಿಲ್ಲ. ಮುಂದಿನ ಶನಿವಾರ ನಾನು ಭಾವನನ್ನೇ ಊಟಕ್ಕೆ ಕರೆದೆ. ಕುಚ್ಚಲಕ್ಕಿ ಅನ್ನ, ಮಿಡಿ ಉಪ್ಪಿನಕಾಯಿ, ಹುರುಳಿ ಚಟ್ನಿ, ಅಷ್ಟೇ. ಭಾವ ಒಂದು ಅಗುಳೂ ಬಿಡದೆ ಉಂಡರು. ಉಂಡು ಮುಗಿಸಿ, ಈ ಐವತ್ತರ ವಯಸ್ಸಿನಲ್ಲಿ, ವಾರಾನ್ನದ ಹುಡುಗರಂತೆ ಎಲೆ ಮಡಚಿ ಎತ್ತಲು ಬಾಗಿದರು.

"ಬಿಡಿ ಭಾವಯ್ಯ" ಎಂದು ನಾನೇ ತೆಗೆದೆ.