ಎಷ್ಟು ಸಾಲಿನ ಟ್ರ್ಯಾಕ್ಟರು?

ಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷ ಕೂತವರಿಗೆ ಬರುವ ಕಾಯಿಲೆಗಳಲ್ಲಿ ಬೆನ್ನುನೋವು, ಎದೆಯುರಿ ಮೊದಲಾದವು ವೈದ್ಯರಿಗೆ ಗೊತ್ತು. ಅವರಿಗೆ ಗೊತ್ತಿಲ್ಲದ ಇನ್ನೊಂದು ಕಾಯಿಲೆ ಇದೆ. ಯಾರು ಏನು ಹೇಳಿದರೂ ‘ಇದನ್ನು ಬೇರೆ ಯಾರಾದರೂ ಖಚಿತಪಡಿಸಿದ್ದಾರೆಯೇ?’ ಎಂದು ಕೇಳುವ ಕಾಯಿಲೆ. ಗಚ್ಚಿಬೌಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಕೆಟ್ಟಿದೆ ಎಂದು ವಾಚ್‌ಮನ್ ಹೇಳಿದರೆ ನಾನು ಗುಂಡಿ ಒತ್ತಿ ನೋಡಿಯೇ ಮೆಟ್ಟಿಲಿನ ಕಡೆ ತಿರುಗುವುದು. ಒಮ್ಮೆ ಹೆಂಡತಿ ಶೋಭಾ ಸಾರಿಗೆ ಉಪ್ಪು ಸರಿಯಾಗಿದೆ ಎಂದಾಗ, ಬೇರೆ ಯಾರು ರುಚಿ ನೋಡಿದರು ಎಂದು ಕೇಳಿಬಿಟ್ಟೆ. ಆ ದಿನ ಸಾರಿನ ಪಾತ್ರೆ ಮೇಜಿನಿಂದ ವಾಪಸು ಹೋಯಿತು. ನಿವೃತ್ತಿಯಾದ ಮೇಲೆ ಈ ಕಾಯಿಲೆ ತಾನಾಗಿ ಇಳಿಯುತ್ತದೆ ಎಂದು ಹಿರಿಯ ಸಹೋದ್ಯೋಗಿಗಳು ಹೇಳಿದ್ದರು. ಅದನ್ನೂ ನಾನು ಪೂರ್ತಿ ನಂಬಿರಲಿಲ್ಲ, ನಂಬದೆ ಇದ್ದದ್ದು ಒಳ್ಳೆಯದೇ ಆಯಿತು.

ಈ ಕಾಯಿಲೆಯನ್ನು ಪ್ರತಿಭೆ ಎಂದು ತಪ್ಪು ತಿಳಿದವರು ಜಗತ್ತಿನಲ್ಲಿ ಇಬ್ಬರು. ಒಬ್ಬಳು ಶೋಭಾ, ಇನ್ನೊಬ್ಬರು ಅವಳ ಅಕ್ಕ ಕಸ್ತೂರಿಬಾಯಿ. ಜಹೀರಾಬಾದಿನ ಹತ್ತಿರ, ಬೀದರ್ ಗಡಿಗೆ ಅಂಟಿಕೊಂಡಂತೆ, ಈ ಅಕ್ಕತಂಗಿಯರಿಗೆ ತಂದೆಯಿಂದ ಬಂದ ಒಂದು ಪೇರಲ ತೋಟವಿದೆ. ಅಕ್ಕ ಸಿಕಂದರಾಬಾದಿನ ರೈಲ್ವೆ ಕಚೇರಿಯಲ್ಲಿ, ತಂಗಿ ಜೂನಿಯರ್ ಕಾಲೇಜಿನಲ್ಲಿ ದುಡಿದದ್ದರಿಂದ ತೋಟ ಮೊದಲಿನಿಂದಲೂ ಗುತ್ತಿಗೆಯವನ ಕೈಯಲ್ಲಿತ್ತು. ಗುತ್ತಿಗೆಯವನು ಒಳ್ಳೆಯವನು. ಇವರು ಹೋದಾಗಲೆಲ್ಲ ಮರದ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಚಹಾ ಕೊಟ್ಟು, ಹೊರಡುವಾಗ ಒಂದು ಚೀಲ ಪೇರಲ ಹಣ್ಣನ್ನು ಕಾರಿನಲ್ಲಿ ಇಡಿಸುತ್ತಿದ್ದ. ಕಸ್ತೂರಿ ಅಕ್ಕನಿಗೆ ತಡೆಯಲಾಗದೆ ಹೋದದ್ದು ಆ ಕುರ್ಚಿ. ನಮ್ಮ ತೋಟದಲ್ಲಿ ನಮ್ಮನ್ನೇ ಬೀಗರ ಹಾಗೆ ಕೂರಿಸುತ್ತಾನೆ ಎಂಬುದು ಅವರ ದೂರು. ಈ ಸಲದ ಗುತ್ತಿಗೆ ಮುಗಿದ ಕೂಡಲೇ ತೋಟವನ್ನು ತಾವೇ ಮಾಡುವುದು, ಅದರಲ್ಲೂ ಟ್ರ್ಯಾಕ್ಟರನ್ನು ತಾವೇ ಓಡಿಸುವುದು ಎಂದು ಅವರು ತೀರ್ಮಾನಿಸಿದ್ದರು. ಇಡೀ ನೌಕರಿಯ ಕಾಲ ಸಿಕಂದರಾಬಾದಿನ ಟ್ರಾಫಿಕ್ಕಿನಲ್ಲಿ ಸ್ಕೂಟರ್ ಓಡಿಸಿದವರಿಗೆ ಪೇರಲ ಗಿಡಗಳ ನಡುವೆ ಓಡಿಸುವುದು ವಿಶ್ರಾಂತಿ ಎಂದೇ ಅವರ ಲೆಕ್ಕ.

ಗುತ್ತಿಗೆಯವನು ಒಂದೇ ಮಾತು ಹೇಳಿದ್ದ. ಜೂನಿನ ಮೊದಲಿಗೆ ಮಿರಗದ ಮಳೆ ಬೀಳುವುದರೊಳಗೆ ಹೂಂ ಅಥವಾ ಉಹೂಂ ಹೇಳಿಬಿಡಿ. ನೀವು ಮಾಡುವುದಾದರೆ ಬಿಟ್ಟುಕೊಡುತ್ತೇನೆ, ಇಲ್ಲವಾದರೆ ನನಗೆ ಮತ್ತೆ ಮೂರು ವರ್ಷಕ್ಕೆ ಬರೆದುಕೊಡಿ. ಜೊತೆಗೆ, ಸ್ವಂತ ಟ್ರ್ಯಾಕ್ಟರ್ ಇಲ್ಲದೆ ಕೈಹಾಕಬೇಡಿ ಎಂದೂ ಎಚ್ಚರಿಸಿದ್ದ. ಮಳೆ ಬಿದ್ದ ವಾರ ಬಾಡಿಗೆ ಟ್ರ್ಯಾಕ್ಟರುಗಳೆಲ್ಲ ದೊಡ್ಡ ಹೊಲಗಳಿಗೆ ಹೋಗುತ್ತವೆ, ನಮ್ಮಂಥವರ ಪಾಳಿ ಬರುವಷ್ಟರಲ್ಲಿ ಕಳೆ ಸೊಂಟದವರೆಗೆ ಬಂದಿರುತ್ತದೆ. ಹಾಗಾಗಿ ಒಂದು ಮಿನಿ ಟ್ರ್ಯಾಕ್ಟರ್ ಬೇಕು, ಮಳೆಗೆ ಮೊದಲೇ ಬೇಕು. ಮೂರು ವರ್ಷ ಕಾದರಾಯಿತು ಎಂದು ನಾನು ಒಮ್ಮೆ ಸಮಾಧಾನದ ದನಿಯಲ್ಲಿ ಹೇಳಿದ್ದುಂಟು. ಅರವತ್ತಾರು ದಾಟಿದ ಕಸ್ತೂರಿ ಅಕ್ಕ ಮೊಣಕಾಲು ನೀವಿಕೊಳ್ಳುತ್ತ, “ನಾ ಕಾಯ್ತೀನ್ರಿ ಸಂಪಾದಕರ. ಇದು ಕಾಯಂಗಿಲ್ಲ,” ಎಂದರು. ನಾನು ಯಾವತ್ತೂ ಸಂಪಾದಕ ಆದವನಲ್ಲ. ಡೆಸ್ಕಿನಲ್ಲಿ ಬೇರೆಯವರ ವಾಕ್ಯ ತಿದ್ದಿ ನಿವೃತ್ತನಾದವನು. ಅದು ಗೊತ್ತಿದ್ದೇ ಅವರು ಹಾಗೆ ಕರೆಯುತ್ತಾರೆ.

ಯಾವ ಕಂಪನಿಯದು ಕೊಳ್ಳಬೇಕು ಎಂಬುದನ್ನು ನನಗೆ ಬಿಟ್ಟರು. ಕಾರಣ, ನಾನು ಹಿಂದೆ ಕೆಲಕಾಲ ಪತ್ರಿಕೆಯ ವಾಹನ ಪುಟ ನೋಡಿಕೊಂಡಿದ್ದೆ. ಆ ಪುಟದಲ್ಲಿ ನಾನು ಮಾಡುತ್ತಿದ್ದದ್ದು ಕಾಗುಣಿತದ ಕೆಲಸ. ಒಂದು ಗಾಡಿಯ ಬಾನೆಟ್ಟನ್ನೂ ತೆರೆದು ನೋಡಿದವನಲ್ಲ. ಆದರೂ ಜವಾಬ್ದಾರಿ ಬಂದ ಮೇಲೆ ಕಾಯಿಲೆ ಎದ್ದು ಕೂತಿತು. ಬೇಸಿಗೆಯ ಭಾನುವಾರಗಳಲ್ಲಿ ಜಹೀರಾಬಾದಿನ ಸುತ್ತಮುತ್ತ ಟ್ರ್ಯಾಕ್ಟರ್ ಇದ್ದವರನ್ನೆಲ್ಲ ಹುಡುಕಿಕೊಂಡು ಹೋಗಿ ಮಾತನಾಡಿಸಿದೆ. ಕೊನೆಗೆ ಕಣದಲ್ಲಿ ಉಳಿದದ್ದು ಎರಡು. ಹೆಸರು ಹೇಳುವುದಿಲ್ಲ, ಬಣ್ಣವನ್ನೂ ಹೇಳುವುದಿಲ್ಲ. ನಮ್ಮ ಕಡೆ ಟ್ರ್ಯಾಕ್ಟರಿನ ಬಣ್ಣ ಹೇಳುವುದೂ ಒಂದೇ, ಕಂಪನಿಯ ಹೆಸರು ಹೇಳುವುದೂ ಒಂದೇ. ಒಂದನ್ನು ಹಳೇ ಕಂಪನಿ, ಇನ್ನೊಂದನ್ನು ಹೊಸ ಕಂಪನಿ ಎಂದುಕೊಳ್ಳೋಣ.

ಟ್ರ್ಯಾಕ್ಟರ್ ಇದ್ದವರ ಸಾಕ್ಷ್ಯ ಎಷ್ಟು ನಂಬಬಹುದು ಎಂಬುದು ನನಗೆ ಬೇಗ ತಿಳಿಯಿತು. ಯಾರೂ ತಾನು ಕೊಂಡ ಗಾಡಿಯನ್ನು ಕೆಟ್ಟದು ಎನ್ನುವುದಿಲ್ಲ. ಅಳಿಯನ ಬಗ್ಗೆ ಮಾವ ಸಿಟ್ಟಿನಲ್ಲಿ ಒಂದು ಮಾತು ಆಡಿಯಾನು, ಟ್ರ್ಯಾಕ್ಟರಿನ ಬಗ್ಗೆ ಆಡುವುದಿಲ್ಲ. ಒಬ್ಬರು ತಮ್ಮ ಗಾಡಿ ಈವರೆಗೆ ಒಮ್ಮೆಯೂ ಕೈಕೊಟ್ಟಿಲ್ಲ ಎಂದು ನನಗೆ ಬಿಸಿಲಲ್ಲಿ ನಿಂತು ವಿವರಿಸುತ್ತಿದ್ದಾಗ, ಅವರ ಅಣ್ಣ ಅದೇ ಗಾಡಿಯನ್ನು ಇನ್ನೊಂದು ಕಂಪನಿಯ ಟ್ರ್ಯಾಕ್ಟರಿಗೆ ಹಗ್ಗದಿಂದ ಕಟ್ಟುತ್ತಿದ್ದರು. ಅದು ಗಾಡಿಯ ತಪ್ಪಲ್ಲ, ಡೀಸೆಲ್ಲಿನ ತಪ್ಪು ಎಂದರು. ಇನ್ನೊಬ್ಬರ ಗಾಡಿ ನಿಜವಾಗಿಯೂ ಹೊಸದರಂತೆ ಇತ್ತು. ಆಮೇಲೆ ತಿಳಿದದ್ದು, ಅದನ್ನು ಅವರು ದಸರೆಗೆ ಮಾತ್ರ ಹೊರಗೆ ತೆಗೆಯುತ್ತಾರೆ.

ಬಾಳಿಕೆಯ ಅಂದಾಜು ಮಾಡುವುದರಲ್ಲಿ ನನಗೂ ಒಳ್ಳೆಯ ಹೆಸರೇನಿಲ್ಲ. ಪತ್ರಿಕೆಗಳಲ್ಲಿ ದೊಡ್ಡವರ ನಿಧನದ ಬರಹಗಳನ್ನು ಮೊದಲೇ ಬರೆಸಿ ಇಟ್ಟುಕೊಳ್ಳುವ ಪದ್ಧತಿ ಇದೆ. ಸಾವು ಹೇಳಿ ಬರುವುದಿಲ್ಲ, ಅಚ್ಚಿನ ಸಮಯ ಮಾತ್ರ ಹೇಳಿಯೇ ಬರುತ್ತದೆ. ಆ ಕಡತ ಬಹಳ ಕಾಲ ನನ್ನ ಕೈಯಲ್ಲಿತ್ತು. ಯಾರದ್ದು ಮೊದಲು ಬೇಕಾದೀತು ಎಂದು ಅಂದಾಜು ಮಾಡಿ ಬರೆಸುತ್ತಿದ್ದೆ. ನಾನು ಅವಸರದಲ್ಲಿ ನಿಧನದ ಬರಹ ಬರೆಸಿಟ್ಟ ಹಿರಿಯರೊಬ್ಬರು, ಅದನ್ನು ಬರೆದ ವರದಿಗಾರನ ಬೀಳ್ಕೊಡುಗೆ ಸಮಾರಂಭಕ್ಕೆ ಮುಖ್ಯ ಅತಿಥಿಯಾಗಿ ಬಂದು ಮುಕ್ಕಾಲು ಗಂಟೆ ಮಾತನಾಡಿದರು. ಇನ್ನೂ ಎಷ್ಟೋ ದಿನ ಬದುಕುತ್ತಾರೆ ಎಂದು ನಾನು ಕೈಬಿಟ್ಟವರೇ ಹಠಾತ್ತಾಗಿ ಹೋಗಿ ನಮ್ಮನ್ನು ಪೇಚಿಗೆ ಸಿಲುಕಿಸುತ್ತಿದ್ದರು. ಮನುಷ್ಯರ ವಿಷಯದಲ್ಲಿ ಸೋತವನು ಕಬ್ಬಿಣದ ವಿಷಯದಲ್ಲಾದರೂ ಗೆಲ್ಲಬೇಕು ಎಂಬ ಹಟ ನನಗೆ ಹುಟ್ಟಿರಬೇಕು.

ಹಳೇ ಕಂಪನಿಯ ಕಡೆಗೆ ನನ್ನ ಒಲವು. ಅಷ್ಟು ದಶಕ ಬಾಳಿದ ಹೆಸರು ಸುಮ್ಮನೆ ಬಾಳಿರುವುದಿಲ್ಲ ಎಂಬುದು ನನ್ನ ವಾದ. ಆದರೆ ಬಗೆದು ನೋಡಿದಷ್ಟೂ ಹೆಸರು ಎಂದರೇನು ಎಂಬುದೇ ಸಡಿಲವಾಗುತ್ತ ಹೋಯಿತು. ಮೂಲ ಕಂಪನಿಯನ್ನು ಯಾರೋ ಕೊಂಡಿದ್ದರು, ಕೊಂಡವರನ್ನು ಇನ್ಯಾರೋ ಕೊಂಡಿದ್ದರು, ಎಂಜಿನ್ನು ಬೇರೆ ಕಡೆಯಿಂದ ಬರುತ್ತಿತ್ತು. ಬಾನೆಟ್ಟಿನ ಮೇಲಿನ ಅಕ್ಷರ ಮಾತ್ರ ಮೊದಲಿನದೇ. ನಾನು ದುಡಿದ ಪತ್ರಿಕೆಯೂ ಹೀಗೆಯೇ. ನಾನು ಸೇರಿದಾಗಿನ ಮಾಲೀಕರು ಇಲ್ಲ, ಕಟ್ಟಡ ಇಲ್ಲ, ಅಚ್ಚಿನ ಯಂತ್ರ ಇಲ್ಲ. ಬೆಳಿಗ್ಗೆ ಬಾಗಿಲ ಮುಂದೆ ಬೀಳುವ ಹೆಸರು ಅದೇ, ಅದರ ಮೇಲಿನ ನನ್ನ ನಂಬಿಕೆಯೂ ಅದೇ. ಇದನ್ನು ನಿಷ್ಠೆ ಎನ್ನಬೇಕೋ ಅಭ್ಯಾಸ ಎನ್ನಬೇಕೋ ಎಂದು ನಾನು ಯೋಚಿಸುತ್ತಿರುವಾಗ ಮೇ ತಿಂಗಳು ಕಳೆಯಿತು. ಹೊಸ ಕಂಪನಿಯದು ಕಡಿಮೆ ಡೀಸೆಲ್ ಕುಡಿಯುತ್ತದೆ, ಬೆಲೆಯೂ ಹಗುರ. ಆದರೆ ಆ ಕಂಪನಿ ಇನ್ನು ಹತ್ತು ವರ್ಷದ ಮೇಲೆ ಇರುತ್ತದೆಯೇ ಎಂದು ಖಚಿತವಾಗಿ ಹೇಳಬಲ್ಲ ಒಬ್ಬನೂ ನನಗೆ ಸಿಕ್ಕಲಿಲ್ಲ. ಇನ್ನೊಂದು ಭಾನುವಾರ ಬೇಕು ಎಂದೆ.

ಶೋಭಾ ಫೋನನ್ನು ನನ್ನ ತಟ್ಟೆಯ ಪಕ್ಕ ಇಟ್ಟಳು. ಗುತ್ತಿಗೆಯವನು ಎರಡು ಸಲ ಮಾಡಿದ್ದನಂತೆ. ಈ ವಾರ ಉತ್ತರ ಬರದಿದ್ದರೆ ಗೊಬ್ಬರ ತಂದು ಹಾಕಿಸುತ್ತೇನೆ, ಹಾಕಿಸಿದ ಮೇಲೆ ತೋಟ ಬಿಡಲಾಗುವುದಿಲ್ಲ ಎಂದು ವಿನಯದಿಂದಲೇ ಹೇಳಿದ್ದನಂತೆ. “ನಿಮ್ಮ ಭಾನುವಾರ ಮುಗಿಯಂಗಿಲ್ರಿ. ಅಕ್ಕಂತೂ ಒಂದ ಮಾತೂ ಆಡವಲ್ಲಳು,” ಎಂದಳು. ಕಸ್ತೂರಿ ಅಕ್ಕ ಮಾತಾಡದೆ ಇರುವುದು ಎಂದರೆ ಸಿಕಂದರಾಬಾದಿನ ಸ್ಟೇಷನ್ನಿನಲ್ಲಿ ಪ್ರಕಟಣೆ ನಿಂತ ಹಾಗೆ. ಏನೋ ಆಗಿದೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಮರುದಿನವೇ ಮೂವರೂ ಹೊರಟೆವು.

ಮುಂಬೈ ಹೆದ್ದಾರಿಯ ಪಕ್ಕದ ಒಂದು ಅಂಗಡಿಯಲ್ಲಿ ಎರಡೂ ಕಂಪನಿಯ ಮಿನಿ ಟ್ರ್ಯಾಕ್ಟರುಗಳನ್ನು ಮಾರುತ್ತಿದ್ದರು. ನಮ್ಮನ್ನು ನೋಡಿಕೊಂಡವರು ಖಾಜಾ ಎಂಬ ಮಾರಾಟಗಾರರು, ನಲವತ್ತರ ಆಸುಪಾಸಿನವರು. ಮೊದಲು ತೆಲುಗಿನಲ್ಲಿ ಶುರುಮಾಡಿ, ಅಕ್ಕತಂಗಿಯರ ಮಾತು ಕಿವಿಗೆ ಬಿದ್ದದ್ದೇ ಕನ್ನಡಕ್ಕೆ ತಿರುಗಿದರು. ತಾಯಿಯ ತವರು ಬೀದರ್ ಎಂದರು. ಮನೆಮಾತು ದಕ್ಖನಿ ಉರ್ದುವಾದ್ದರಿಂದ ಅವರ ಕನ್ನಡದಲ್ಲಿ ಎರಡೂ ಬೆರೆತು ಬರುತ್ತಿದ್ದವು. ನಾನು ನನ್ನ ಪ್ರಶ್ನೆಗಳನ್ನು ಒಂದರ ಹಿಂದೆ ಒಂದು ಕೇಳಿದೆ. ಕಂಪನಿ ಯಾರದು, ಎಂಜಿನ್ನು ಎಲ್ಲಿಯದು, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಗಾಡಿ ಎಷ್ಟು ವರ್ಷ ಬಾಳುತ್ತದೆ. ಕೊನೆಯ ಪ್ರಶ್ನೆಯನ್ನು ಮೂರು ರೀತಿಯಲ್ಲಿ ಕೇಳಿದೆ. ಖಾಜಾ ತಾಳ್ಮೆಯಿಂದ ಕೇಳಿಸಿಕೊಂಡರು. ಕೊಳ್ಳುವವರು ನಾನಲ್ಲ ಎಂದು ಅವರಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಅವರು ನನ್ನನ್ನು ಬಿಟ್ಟು ಅಕ್ಕತಂಗಿಯರ ಕಡೆ ತಿರುಗಿ ಕೇಳಿದರು: “ಅಮ್ಮಾರ, ನಿಮಗ ಎಷ್ಟ ಸಾಲ್ ಬೇಕ್ರಿ?”

ಅವರು ಕೇಳಿದ್ದು ವರ್ಷವನ್ನು. ದಕ್ಖನಿಯಲ್ಲಿ ಸಾಲ್ ಎಂದರೆ ವರ್ಷ. ಆದರೆ ಹಿಂದೆ ಮುಂದೆ ಕನ್ನಡ ಇದ್ದದ್ದರಿಂದ ನಡುವಿನ ಆ ಮಾತು ಮೂವರ ಕಿವಿಗೆ ಮೂರಾಗಿ ಬಿತ್ತು. ಶೋಭಾ ಗಾಬರಿಯಿಂದ, “ಸಾಲ ಬ್ಯಾಡಪ್ಪ. ಇಬ್ಬರದೂ ಪಿಂಚಣಿದಾಗ ಉಳಿಸಿದ್ದು ಐತಿ,” ಎಂದಳು. ಕಸ್ತೂರಿ ಅಕ್ಕ ತೋಟವನ್ನು ಕಣ್ಣಮುಂದೆ ತಂದುಕೊಂಡು, “ಇಪ್ಪತ್ತಾರ ಸಾಲ್,” ಎಂದರು. ಖಾಜಾ ಅಕ್ಕನ ಬಿಳಿ ಕೂದಲನ್ನೂ ಊರುಗೋಲಿನಂತೆ ಹಿಡಿದಿದ್ದ ಕೊಡೆಯನ್ನೂ ಒಮ್ಮೆ ನೋಡಿ, ಭಕ್ತಿಯಿಂದ, “ಮಾಷಾ ಅಲ್ಲಾ,” ಎಂದರು.

ನಾನು ಮಾತ್ರ ಪ್ರಶ್ನೆಯನ್ನು ಸರಿಯಾಗಿ ಕೇಳಿಸಿಕೊಂಡಿದ್ದೆ. ನನ್ನೊಬ್ಬನಿಗೇ ಉತ್ತರ ಗೊತ್ತಿರಲಿಲ್ಲ. ಎರಡು ತಿಂಗಳು ಊರೂರು ಸುತ್ತಿ ಇದು ಎಷ್ಟು ವರ್ಷ ಬರುತ್ತದೆ ಎಂದು ಕೇಳಿದವನನ್ನು, ನಿಮಗೆ ಎಷ್ಟು ವರ್ಷ ಬೇಕು ಎಂದು ಈವರೆಗೆ ಯಾರೂ ಕೇಳಿರಲಿಲ್ಲ. ಅರವತ್ತೆಂಟರ ನಾನು ಕಾಲು ಶತಮಾನ ಬಾಳುವ ಗಾಡಿ ಹುಡುಕುತ್ತಿದ್ದೆ. ಅಷ್ಟು ಬಾಳುವ ಗಾಡಿ ಸಿಕ್ಕರೆ ನನ್ನ ಪಾಲಿನ ವರ್ಷಗಳನ್ನೂ ಅದು ಹೇಗೋ ಎಳೆದುಕೊಂಡು ಹೋದೀತು ಎಂದು ಒಳಗೊಳಗೇ ನಂಬಿದ್ದೆನೋ ಏನೋ. ಆ ನಂಬಿಕೆಯನ್ನು ಮಾತ್ರ ನಾನು ಯಾರ ಹತ್ತಿರವೂ ಖಚಿತಪಡಿಸಿಕೊಂಡಿರಲಿಲ್ಲ.

ಸಾಲು ಎಂದರೆ ಗಿಡದ ಸಾಲು ಎಂದು ತಿಳಿದ ಮೇಲೆ ಖಾಜಾ ನಕ್ಕರು, ಶೋಭಾ ನಕ್ಕಳು. ಕಸ್ತೂರಿ ಅಕ್ಕ ನಗಲಿಲ್ಲ. ಅವರ ಪ್ರಶ್ನೆ ಇನ್ನೂ ಬಾಕಿ ಇತ್ತು. ಅಪ್ಪ ಗಿಡಗಳನ್ನು ಒತ್ತೊತ್ತಾಗಿ ಹಚ್ಚಿದ್ದಾರೆ, ಟೊಂಗೆ ಮುರಿಯದ ಹಾಗೆ ಎರಡು ಸಾಲಿನ ನಡುವೆ ಯಾವ ಗಾಡಿ ಹಾಯುತ್ತದೆ ಎಂದು ಕೇಳಿದರು. ಖಾಜಾ ಟೇಪು ತಂದರು. ಹಳೇ ಕಂಪನಿಯದು ಹಿಂದಿನ ಚಕ್ರದಲ್ಲಿ ಅಗಲ, ಹೊಸ ಕಂಪನಿಯದು ಸಪೂರ. ಆ ಹಳೇ ಕಂಪನಿಯ ಮೂರು ತಲೆಮಾರಿನ ವಂಶಾವಳಿ ನನಗೆ ಬಾಯಿಪಾಠವಾಗಿತ್ತು. ಅದರ ಅಗಲ ಗೊತ್ತಿರಲಿಲ್ಲ.

ಆದರೂ ಕೊನೆಯದಾಗಿ ಒಂದು ಮಾತು ಹೇಳಿದೆ. ಹೊಸ ಕಂಪನಿ ನಾಳೆ ಮುಚ್ಚಿಹೋದರೆ ಬಿಡಿಭಾಗ ಸಿಗುವುದಿಲ್ಲ ಎಂದೆ. ಕಸ್ತೂರಿ ಅಕ್ಕ ಆಗಲೇ ಕೊಡೆಯನ್ನು ತಂಗಿಯ ಕೈಗೆ ಕೊಟ್ಟು, ಸ್ಟೀರಿಂಗ್ ಹಿಡಿದು, ಒಂದೊಂದೇ ಕಾಲು ಎತ್ತಿ ಮೇಲೆ ಹತ್ತುತ್ತಿದ್ದರು. ಸೀಟಿನಲ್ಲಿ ಕೂತು ಕ್ಲಚ್ಚನ್ನು ಒಮ್ಮೆ ಒತ್ತಿ ನೋಡಿ, “ನನ್ನ ಮೊಣಕಾಲಿಂದೂ ಸ್ಪೇರ್ ಸಿಗಂಗಿಲ್ರಿ ಸಂಪಾದಕರ. ಇದರ ಮ್ಯಾಲ ಎಷ್ಟ ನಡೀತದ ಅಷ್ಟ ನಡೀಲಿ,” ಎಂದರು. ಮೊಣಕಾಲಿನ ಬಿಡಿಭಾಗ ಈಗ ಸಿಕಂದರಾಬಾದಿನಲ್ಲೇ ಸಿಗುತ್ತದೆ ಎಂದು ತಿದ್ದಲು ಹೊರಟವನು ಶೋಭಾಳ ಮುಖ ನೋಡಿ ಅವಳ ಕೈಯ ಕೊಡೆ ಇಸಿದುಕೊಂಡೆ. ಅಲ್ಲಿಂದಲೇ ಅವಳು ಗುತ್ತಿಗೆಯವನಿಗೆ ಫೋನ್ ಮಾಡಿದಳು.

ಮಿರಗದ ಮಳೆ ಹದವಾಗಿ ಬಿತ್ತು. ತೋಟದಲ್ಲಿ ಈಗ ನನಗೂ ಒಂದು ಹುದ್ದೆ ಇದೆ. ಕಸ್ತೂರಿ ಅಕ್ಕ ಟ್ರ್ಯಾಕ್ಟರ್ ಓಡಿಸುವಾಗ ನಾನು ಸಾಕಷ್ಟು ಮುಂದೆ ನಡೆಯುತ್ತ, ಬಾಗಿ ಬಿದ್ದ ಟೊಂಗೆಗಳನ್ನು ಹಗ್ಗದಿಂದ ಮೇಲೆತ್ತಿ ಕಟ್ಟಿ ದಾರಿ ಮಾಡಬೇಕು. ಜೀವಮಾನವಿಡೀ ಡೆಸ್ಕಿನಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಇದೇ ಆದ್ದರಿಂದ ತರಬೇತಿ ಬೇಕಾಗಲಿಲ್ಲ. ಮೊದಲ ದಿನ ಒಂದು ಸಾಲಿನ ಕೊನೆಗೆ ಅವರು ಗಾಡಿ ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನು ಎಷ್ಟು ಉಳಿದಾವು ಎಂದು ಕೇಳಿದರು. ಆ ಗಳಿಗೆಯಲ್ಲಿ ನಾನು ಇನ್ನೂ ವರ್ಷಗಳ ಲೆಕ್ಕದಲ್ಲೇ ಇದ್ದೆ. ಅದನ್ನು ಯಾರು ಹೇಳಬಲ್ಲರು ಅಕ್ಕಾರ, ಎಂದೆ.

ಅವರು ಉಳಿದ ಸಾಲುಗಳ ಕಡೆ ಕೈ ಮಾಡಿದರು. “ಹೇಳೂದೇನೈತಿ? ಕಣ್ಣಮುಂದ ಅದಾವಲ್ಲ, ಎಣಿಸ್ರಿ,” ಎಂದರು.

ಎಣಿಸಿದೆ. ಸರಿಯಾಗಿದೆಯೋ ಇಲ್ಲವೋ ಎಂದು ಇನ್ನೊಮ್ಮೆ ಎಣಿಸುವಷ್ಟರಲ್ಲಿ ಅವರು ಗಾಡಿ ತಿರುಗಿಸಿ ಮುಂದಿನ ಸಾಲಿಗೆ ಇಳಿದಾಗಿತ್ತು. ನನ್ನ ಲೆಕ್ಕ ಒಂದು ಸಾಲಿನಷ್ಟು ತಪ್ಪಿತ್ತು.