ನಾಲ್ಕೂ ಕಡೆ ನೀರು

ಧಾರವಾಡದ ನಮ್ಮಂಥವರಿಗೆ ನೀರೆಂದರೆ ಬಾವಿಯದು, ಕೆರೆಯದು. ಹೆಚ್ಚೆಂದರೆ ಮಳೆಗಾಲದಲ್ಲಿ ಚಪ್ಪಲಿ ಕಿತ್ತುಕೊಳ್ಳುವ ಎರೆಮಣ್ಣಿನ ಕೆಸರಿನದು. ಸಮುದ್ರವನ್ನು ನಾವು ನಂಬುವುದು ದೇವರನ್ನು ನಂಬಿದ ಹಾಗೆ, ಕಾಣದೆಯೇ. ಭೂಗೋಳದ ಮಾಸ್ತರನಾದ ನಾನು ಇದಕ್ಕೆ ಹೊರತಲ್ಲ. "ನಾಲ್ಕೂ ಕಡೆ ನೀರಿರುವ ಭೂಭಾಗವೇ ದ್ವೀಪ" ಎಂದು ವರ್ಷವರ್ಷವೂ ಹುಡುಗರಿಂದ ಉರುಹೊಡೆಸಿದವನು, ಮೂರು ಕಡೆಯ ನೀರನ್ನೂ ಕಂಡಿರಲಿಲ್ಲ.

ಹೀಗಿರುವಾಗ ಬೇಸಿಗೆಯ ರಜೆಯಲ್ಲಿ ಮುಂಬಯಿಗೆ ಹೋಗುವ ಯೋಗ ಬಂತು. ನನ್ನ ಮಾವನ ಮಗ ಅಲ್ಲಿ ಗಿರಣಿಯಲ್ಲಿದ್ದ. ಅವನ ಮನೆಗೆ ನಾನು, ನನ್ನ ಹೆಂಡತಿ ಪಾರವ್ವ ಹೊರಟೆವು. ರೈಲಿನಲ್ಲಿ ಜೊತೆಯಾದವರು ಹುಬ್ಬಳ್ಳಿಯ ಗಡಿಯಾರ ರಿಪೇರಿಯ ಇಮಾಮಸಾಬರು. ಸಾಮಾನು ತರಲು ಮುಂಬಯಿಗೆ ಆಗಾಗ ಹೋಗಿಬಂದವರು.

"ಅಲ್ರಿ ಮಾಸ್ತರ, ರಾಣಿಬಾಗದ ಹುಲಿ-ಸಿಂಹ ಎಲ್ಲಾರೂ ನೋಡ್ತಾರ. ನೀವು ಮೀನಿನ ಬಂದರ ನೋಡ್ರಿ. ಅಲ್ಲಿಂದ ದೋಣ್ಯಾಗ ಕುಂತ್ರ ದ್ವೀಪನ ತೋರಸ್ತೇನಿ," ಎಂದರು.

ನಾನು ಇನ್ನೂ ಬಾಯಿ ತೆರೆದಿರಲಿಲ್ಲ. ಪಾರವ್ವ, "ಖರೇ ಏನ್ರಿ ಅಣ್ಣಾರ? ಹಂಗಾರ ನಾಳೇನ ಹೋಗೂಣು!" ಎಂದುಬಿಟ್ಟಳು.

ಬಂದರಿಗಿಂತ ಮೊದಲು ಅದರ ವಾಸನೆ ನಮ್ಮನ್ನು ಎದುರುಗೊಂಡಿತು. ಮೀನನ್ನು ಮುಟ್ಟದ ಮನೆತನ ನಮ್ಮದು. ನಾನು ಮೂಗಿಗೆ ಧೋತರದ ಚುಂಗು ಒತ್ತಿಕೊಂಡೆ. ಆದರೆ ಕಣ್ಣಿಗೆ ಏನು ಅಡ್ಡ ಹಿಡಿಯುವುದು? ಪಟ ಇಳಿಸಿದ ನೂರಾರು ದೋಣಿಗಳು, ಬುಟ್ಟಿಯಲ್ಲಿ ಬೆಳ್ಳಿಯಂತೆ ಮಿನುಗುವ ರಾಶಿ, ಹಸಿರು ಬಳೆಯ ಕೈ ಬೀಸಿ ಹರಾಜು ಕೂಗುವ, ಕೋಳಿ ಎಂಬ ಬೆಸ್ತ ಜಾತಿಯ ಹೆಂಗಸರು! ಪಾರವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತನ್ನ ಬೆಳಗಾವಿಯ ಮರಾಠಿಯಲ್ಲಿ ಅವರೊಡನೆ ಮಾತಿಗಿಳಿದೇಬಿಟ್ಟಳು. ದ್ವೀಪಕ್ಕೆ ಹೊರಟಿದ್ದ ಅವರ ದೋಣಿಯಲ್ಲೇ ನಮಗೂ ಜಾಗ ಸಿಕ್ಕಿತು.

ದ್ವೀಪದಲ್ಲಿ ಅಂದು ಹೊಸ ದೋಣಿಯೊಂದನ್ನು ನೀರಿಗಿಳಿಸುವ ಸಡಗರ. ಊರಿಗೆ ಊರೇ ಹಗ್ಗ ಹಿಡಿದು, ತಾಳಕ್ಕೆ ಸರಿಯಾಗಿ ಕೂಗುತ್ತ, ಅದನ್ನು ಮರಳಿನ ಮೇಲೆ ಎಳೆಯುತ್ತಿತ್ತು. ಪಾರವ್ವ ಹೋಗಿ ಹಗ್ಗ ಹಿಡಿದಳು. ಹೆಂಡತಿ ಎಳೆಯುವಾಗ ಗಂಡ ಕೋಟು ತೊಟ್ಟು ನಿಂತರೆ ಚಂದವೇ? ನಾನೂ ಹೋಗಿ ಎಲ್ಲರಿಗಿಂತ ಮುಂದೆ ನಿಂತು, ಜಾರದಿರಲೆಂದು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡೆ. ನೀರು ಮೊಣಕಾಲಿಗೆ ಬಂತು. ಎಂಥ ಉಮೇದು! ಸಮುದ್ರವನ್ನು ಕಂಡ ದಿನವೇ ನಾನು ಅದಕ್ಕೆ ದೋಣಿ ಕೊಡುತ್ತಿದ್ದೆ!

ಆಗ ಹಿಂದಿನಿಂದ "ಸೋಡಾ! ಸೋಡಾ!" ಎಂದು ಕೂಗು ಕೇಳಿಸಿತು. ಮರಾಠಿಯಲ್ಲಿ ಅದಕ್ಕೆ "ಬಿಡಿ" ಎಂದರ್ಥ. ಅದು ನನಗೆ ತಿಳಿಯದ್ದೇನಲ್ಲ. ಆದರೆ ಬಿಸಿಲಿಗೆ ಗಂಟಲು ಒಣಗಿದವನಿಗೆ ಗೋಲಿಸೋಡಾ ಬಿಟ್ಟು ಬೇರೆ ಅರ್ಥ ಹೊಳೆಯಲಿಲ್ಲ. ಎಷ್ಟು ಒಳ್ಳೆಯ ಜನ ಎಂದುಕೊಂಡು ನಗುತ್ತ ಹಿಂದಿರುಗಿ ನೋಡಿದೆ. ಎಲ್ಲರೂ ಹಗ್ಗ ಬಿಟ್ಟಿದ್ದರು. ದೋಣಿ ಅಲೆಯ ಮೇಲೇರಿತು. ಅದರ ಹಿಂದೆ ನಾನೂ ಹೊರಟೆ.

"ಅಯ್ಯ, ನಮ್ಮ ಮನಿಯವ್ರು ಹೊಂಟ್ರಲ್ರೀ! ಹಿಡೀರಿ!" ಎಂದು ಪಾರವ್ವ ಸೊಂಟಮಟ್ಟದ ನೀರಿನವರೆಗೆ ಓಡಿಬಂದಳಂತೆ. ನನ್ನ ಕಿವಿಯಲ್ಲಿ ಆಗ ನೀರು ಬಿಟ್ಟರೆ ಏನೂ ಇರಲಿಲ್ಲ. ಇಬ್ಬರು ತರುಣರು ಈಜಿಬಂದು, ಧೋತರ ಹಿಡಿದು, ನನ್ನನ್ನು ಹೊಸ ದೋಣಿಯೊಳಕ್ಕೆ ಎತ್ತಿಹಾಕಿ, ದೋಣಿಯನ್ನು ದಂಡೆಯ ಹತ್ತಿರ ತಂದರು.

ಆಗ ದಂಡೆಯ ಮೇಲೆ ಗುಜುಗುಜು ಎದ್ದಿತು. ಹೊಸ ದೋಣಿಯಲ್ಲಿ ಮೊದಲ ಹೆಜ್ಜೆ ಇಡಬೇಕಾದವಳು ಯಜಮಾನನ ತಾಯಿ. ಕೈಯಲ್ಲಿ ತೆಂಗಿನಕಾಯಿ ಹಿಡಿದು ಕಾದಿದ್ದಳು. ಅವಳಿಗಿಂತ ಮೊದಲು ಊರು ಕೇರಿ ಗೊತ್ತಿಲ್ಲದ ಮಾಸ್ತರನೊಬ್ಬ ಒಳಗೆ ಬಿದ್ದು ಕೆಮ್ಮುತ್ತಿದ್ದ. ಯಜಮಾನನ ಮುಖ ಕಪ್ಪಿಟ್ಟಿತು. ಇಮಾಮಸಾಬರು ಕೈಮುಗಿದುಕೊಂಡು ನಿಂತರು. ನಮ್ಮ ಜನ್ಮದಲ್ಲಿ ಕಾಣದವರ ಒಂದು ವರ್ಷದ ಅನ್ನಕ್ಕೆ ಅಪಶಕುನ ಮಾಡಿದೆನೇ ಎಂದು ದೋಣಿಯಿಂದ ಇಳಿಯಲು ಕಾಲೆತ್ತಿದೆ.

ಮುದುಕಿ ನನ್ನನ್ನು ರುಮಾಲು ನೀರುಪಾಲಾದ ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಮರಾಠಿಯಲ್ಲಿ, "ಬಲೆ ಹಾಕುವ ಮೊದಲೇ ಇಷ್ಟು ದೊಡ್ಡ ಮೀನು! ಇದಕ್ಕಿಂತ ಒಳ್ಳೆಯ ಶಕುನ ಬೇಕೇನೋ?" ಎಂದು ಮಗನನ್ನು ಕೇಳಿ, ಕಾಯಿ ಒಡೆದೇಬಿಟ್ಟಳು. ದ್ವೀಪವೆಲ್ಲ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ಪಾರವ್ವ, ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

ಆ ದೋಣಿಯಲ್ಲೇ ನಮ್ಮನ್ನು ಕೂರಿಸಿಕೊಂಡು ದ್ವೀಪದ ಸುತ್ತ ಒಂದು ಸುತ್ತು ಹೊಡೆಸಿದರು. ಒದ್ದೆ ಬಟ್ಟೆಯಲ್ಲಿ ನಡುಗುತ್ತ, ಕಾಯಿಯ ಚೂರು ಜಗಿಯುತ್ತ ನಾನು ತಿರುತಿರುಗಿ ನೋಡಿದೆ. ಪಾಠದಲ್ಲಿ ಸುಳ್ಳಿರಲಿಲ್ಲ. ನಾಲ್ಕೂ ಕಡೆ ನೀರೇ! "ಪಾರೂ, ಖರೇನ ಐತಿ ನೋಡ!" ಎಂದು ಸಣ್ಣ ಹುಡುಗನಂತೆ ಕೂಗಿಕೊಂಡೆ.

ಊರಿಗೆ ಬಂದ ಮೇಲೆ ಪಾರವ್ವ ಓಣಿಯ ಹೆಂಗಸರಿಗೆ ಹೇಳಿದ್ದು ಬೇರೆ: "ದೋಣಿ ಕೈತಪ್ಪಿ ಹೊಂಟಿತ್ರಿ. ನಮ್ಮವರು ಹಾರಿ ಹಿಡದ್ರು." ನೂರಾರು ಹುಡುಗರ ತಪ್ಪನ್ನು ತಿದ್ದಿ ಹೊಟ್ಟೆ ಹೊರೆಯುವ ನಾನು ಈ ಒಂದನ್ನು ಮಾತ್ರ ತಿದ್ದಲು ಹೋಗಿಲ್ಲ. ಮೊನ್ನೆ ಅವಳು ಮತ್ತೆ ಹೇಳುತ್ತಿದ್ದಾಗ, ಅಲೆಯ ಎತ್ತರ ಸ್ವಲ್ಪ ಕಡಿಮೆಯಾಯಿತೆನಿಸಿ, ನಾನೇ ಕೈಯೆತ್ತಿ ಸರಿಯಾದ ಎತ್ತರ ತೋರಿಸಿದೆ.