ಸುಧಾರಿತ ಗೂಟ

ಗೂಟ ಹೊಡೆಯುವುದರಲ್ಲಿ ಏನಿದೆ ಹೇಳಿ! ಒಂದು ತುದಿ ಚೂಪು, ಇನ್ನೊಂದು ತುದಿ ಮೊಂಡು. ಚೂಪು ಕೆಳಗೆ, ಮೊಂಡು ಮೇಲೆ. ಮೇಲಿಂದ ನಾಲ್ಕು ಏಟು. ಮುಗೀತು! ಇಪ್ಪತ್ತೆರಡು ವರ್ಷ ತುಂಬುವವರೆಗೂ ನಾನು ಹೀಗೇ ನಂಬಿಕೊಂಡಿದ್ದೆ. ಆ ನಂಬಿಕೆ ಕಳಚಿ ಬೀಳಲು ಹನ್ನೆರಡು ಹಗ್ಗ, ಒಂದು ಕೆರೆ ಮತ್ತು ನಲವತ್ತು ಹೆಂಗಸರು ಬೇಕಾದರು.

ಐವತ್ತರ ದಶಕದ ಕೊನೆ. ಚಿಕ್ಕಬಳ್ಳಾಪುರದ ಪೇಟೆಯಲ್ಲಿ ಬೆಳೆದ ನಾನು ಗ್ರಾಮಸೇವಿಕೆಯಾಗಿ, ಪೆರೇಸಂದ್ರದಿಂದ ಮೂರು ಮೈಲಿ ಒಳಗಿದ್ದ ಒಂದು ಹಳ್ಳಿಗೆ ಬಂದಿದ್ದೆ. ಮದುವೆಯಾಗದ ಹುಡುಗಿ ಒಬ್ಬಳೇ ಇರುವುದೆಂದರೇನು ಎಂದು ಅಮ್ಮ ತನ್ನ ಟ್ರಂಕು ಎತ್ತಿಕೊಂಡು ಹಿಂದೆಯೇ ಬಂದಿದ್ದಳು. ಆಗ ಸರ್ಕಾರದಲ್ಲಿ ಎಲ್ಲವೂ ಸುಧಾರಿತ. ಸುಧಾರಿತ ಒಲೆ, ಸುಧಾರಿತ ರಾಗಿ, ಸುಧಾರಿತ ಗೊಬ್ಬರದ ಗುಂಡಿ. ಇದನ್ನೆಲ್ಲ ಹಳ್ಳಿಗೆ ಮುಟ್ಟಿಸುವುದೇ ನನ್ನ ಕೆಲಸ. ಮನೆಯಲ್ಲಿ ಇನ್ನೂ ಸುಧಾರಿಸದೆ ಉಳಿದಿರುವುದು ನೀನೊಬ್ಬಳೇ ಎಂದು ಅಮ್ಮ ಆಗಾಗ ಹೇಳುತ್ತಿದ್ದಳು.

ಊರಿನ ಹೆಂಗಸರನ್ನು ಸೇರಿಸಿ ಮಹಿಳಾ ಸಮಾಜ ಮಾಡಬೇಕು ಎಂದು ನನಗೆ ಆಜ್ಞೆಯಾಗಿತ್ತು. ಮಾಡದಿದ್ದರೆ ನನ್ನ ಕೆಲಸ ಕಾಯಂ ಆಗುವುದಿಲ್ಲ. ಆದರೆ ನಾನು ಯಾವ ಮನೆಗೆ ಹೋದರೂ ಹೆಂಗಸರು ಬಾಗಿಲ ಹಿಂದೆ ಸರಿದು, ಗಂಡಸರನ್ನು ಕೇಳಿ ಅನ್ನುತ್ತಿದ್ದರು. ಗಂಡಸರನ್ನು ಕೇಳಿದರೆ, ಪಟೇಲರನ್ನು ಕೇಳಿ ಅನ್ನುತ್ತಿದ್ದರು. ಪಟೇಲ ವೆಂಕಟರಾಯಪ್ಪನವರು ಮಾತ್ರ ಯಾರನ್ನೂ ಕೇಳಿ ಎನ್ನಲಿಲ್ಲ. ನೇರವಾಗಿ ಆಗಲ್ಲ ಎಂದರು. ಓದಿದ ಹೆಂಗಸು ಬಂದು ಊರಿನ ಹೆಂಗಸರ ತಲೆ ಕೆಡಿಸುತ್ತಾಳೆ ಎಂಬುದು ಅವರ ಭಯ. ಮೂರು ತಿಂಗಳು ಅವರ ಜಗಲಿ ಸವೆಸಿದ ಮೇಲೆ ಒಂದು ದಿನ ಮನಸ್ಸು ಕರಗಿತು.

"ಒಂದೇ ಒಂದ್ಸಲ ಕಳಿಸ್ತೀವಿ ಕಣಮ್ಮ. ನಾಲ್ಕೂ ಕಡೆ ಮರೆ ಇರ್ಬೇಕು. ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ಆಮೇಲೆ ನೀವು ನಮ್ಮ ಜಗಲಿ ಹತ್ತೋ ಹಂಗಿಲ್ಲ" ಎಂದರು.

ನಾನು ಕುಣಿದಾಡಿಕೊಂಡೇ ಮನೆಗೆ ಬಂದೆ. ಎಲ್ಲಿ ಸೇರುವುದು? ಗುಡಿಯ ಮುಂದೆ ಎಂದರೆ ಕೆಳಗಿನ ಕೇರಿಯವರನ್ನು ಬರಲು ಬಿಡುವುದಿಲ್ಲ. ಪಟೇಲರ ಅಂಗಳವಾದರೂ ಅದೇ ಕಥೆ. ಯಾರಿಗೂ ಸೇರದ, ಎಲ್ಲರೂ ಕಾಲಿಡಬಹುದಾದ ಜಾಗ ಊರಿನಲ್ಲಿ ಒಂದೇ, ಅದು ಕೆರೆಯ ಅಂಗಳ. ಶಿವರಾತ್ರಿ ಕಳೆದು ನೀರು ಹಿಂದೆ ಸರಿದಿತ್ತು. ಬ್ಲಾಕ್ ಆಫೀಸಿಗೆ ಬರೆದು, ನಾಲ್ಕು ಕಡೆ ಬಟ್ಟೆಯ ಗೋಡೆ ಇರುವ ಒಂದು ದೊಡ್ಡ ಡೇರೆ ತರಿಸಿದೆ. ಡೇರೆ ಹಾಕುವುದನ್ನು ನನಗೆ ತರಬೇತಿಯಲ್ಲಿ ಕಲಿಸಿದ್ದರು. ಕಲಿಸಿದ್ದರು ಅಂದರೆ, ಹಾಕಿದ್ದ ಡೇರೆಯೊಂದನ್ನು ತೋರಿಸಿದ್ದರು.

ಡೇರೆಯ ಜೊತೆಗೆ ಗೇಣುದ್ದದ ಕಬ್ಬಿಣದ ಗೂಟಗಳು ಬಂದಿದ್ದವು. ಒಂದನ್ನು ಒಯ್ದು ಕೆರೆಗೋಡಿನಲ್ಲಿ, ಎಂದರೆ ಕೆರೆಯ ಮೆತ್ತನೆ ಹೂಳಿನಲ್ಲಿ, ಹೊಡೆದು ನೋಡಿದೆ. ಹೊಡೆಯುವ ಅಗತ್ಯವೇ ಬೀಳಲಿಲ್ಲ, ಹೆಬ್ಬೆರಳಿನಲ್ಲಿ ಒತ್ತಿದರೆ ಒಳಗೆ ಹೋಯಿತು, ಹಗ್ಗ ಕಟ್ಟಿ ಎಳೆದರೆ ಕೈಗೇ ಬಂತು. ಮೆತ್ತನೆ ನೆಲಕ್ಕೆ ಉದ್ದವಾದ, ಅಗಲವಾದ ಮರದ ಗೂಟ ಬೇಕು ಎಂದು ತರಬೇತಿಯ ಪುಸ್ತಕದಲ್ಲಿ ಒಂದು ಸಾಲಿತ್ತು. ಯಾವ ಮರ ಎಂದು ಬರೆದಿರಲಿಲ್ಲ. ಅದನ್ನು ನನ್ನ ವಿವೇಚನೆಗೆ ಬಿಟ್ಟಿದ್ದರು. ಬಿಡಬಾರದಿತ್ತು.

ನನ್ನ ವಿವೇಚನೆ ಹಿತ್ತಿಲಿನ ನುಗ್ಗೆಮರದ ಮೇಲೆ ಬಿತ್ತು. ಹತ್ತಿರದಲ್ಲೇ ಇದೆ, ಕೆತ್ತಲು ಸುಲಭ, ಬೆಣ್ಣೆಯ ಹಾಗೆ ಮಚ್ಚಿಗೆ ಸಿಕ್ಕುತ್ತದೆ. ಕೆತ್ತಲು ಇಷ್ಟು ಸುಲಭವಾದ ಮರವನ್ನು ಬಿಟ್ಟು ಜನ ಜಾಲಿ, ಜಾಲಿ ಎಂದು ಯಾಕೆ ಒದ್ದಾಡುತ್ತಾರೋ ಎಂದು ಹಳ್ಳಿಯ ಅಜ್ಞಾನಕ್ಕೆ ಮರುಗುತ್ತ ಒಂದು ಬೆಳಗಿನಲ್ಲಿ ಹನ್ನೆರಡು ಗೂಟ ಕೆತ್ತಿದೆ. ಮರದ ಕೊಡತಿಯ ಮೊದಲ ಏಟಿಗೆ ಒಂದರ ತಲೆ ಅಪ್ಪಚ್ಚಿಯಾಯಿತು. ಎರಡನೆಯದು ಸೊಂಟದಲ್ಲಿ ಮುರಿಯಿತು. ಉಳಿದ ಹತ್ತನ್ನು ಹೊಡೆಯುವ ಧೈರ್ಯ ನನಗೆ ಬರಲಿಲ್ಲ.

ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನುಗ್ಗೇಕಾಯಿ ಸಾರಿಗೆ ಆಗುತ್ತೆ, ಸೊಪ್ಪು ಪಲ್ಯಕ್ಕೆ ಆಗುತ್ತೆ. ಮರ ಏತಕ್ಕೂ ಆಗಲ್ಲ ಕಣೇ. ಇಷ್ಟು ಗೊತ್ತಾಗೋಕೆ ಸರ್ಕಾರ ನಿನಗೆ ಆರು ತಿಂಗಳು ಊಟ ಹಾಕಿ ತರಬೇತಿ ಕೊಟ್ಟಿತಾ?" ಎಂದಳು.

ಸರಿ, ಜಾಲಿಯೇ ಆಗಲಿ. ಊರಿನ ಆಚಾರಿ ಮೊಳದ ಮೇಲೆ ಗೇಣುದ್ದದ ಹನ್ನೆರಡು ಗೂಟ ಮಾಡಿಕೊಟ್ಟರು. ಗಟ್ಟಿಯೇನೋ ಗಟ್ಟಿ, ಆದರೆ ಎಂಥ ಒರಟು! ತೊಗಟೆ ತೆಗೆದಿರಲಿಲ್ಲ, ಗಂಟುಗಳನ್ನು ಹಾಗೇ ಬಿಟ್ಟಿದ್ದರು, ಮೈಯೆಲ್ಲ ಕಚ್ಚು. ಹಳ್ಳಿಯ ಕೆಲಸ ಎಂದರೆ ಹೀಗೇ, ಅಚ್ಚುಕಟ್ಟು ಎಂಬುದೇ ಇಲ್ಲ ಎಂದುಕೊಂಡೆ. ಆ ಗೂಟಗಳನ್ನು ಸುಧಾರಿಸುವ ಹೊಣೆಯನ್ನು ನಾನೇ ಹೊತ್ತೆ. ಎರಡು ದಿನ ಕೂತು ತೊಗಟೆ ಸುಲಿದೆ. ಗಂಟು ಕೆತ್ತಿದೆ. ಉಪ್ಪುಕಾಗದ ಹಾಕಿ ತಿಕ್ಕಿದೆ. ಕೊನೆಗೆ, ನೆಲದೊಳಗೆ ಸಲೀಸಾಗಿ ಇಳಿಯಲಿ ಎಂದು ಒಂದೊಂದಕ್ಕೂ ಹರಳೆಣ್ಣೆ ಸವರಿದೆ!

ಗೂಟಗಳು ಫಳಫಳ ಹೊಳೆದವು. ನನಗಂತೂ ಹಿಗ್ಗೋ ಹಿಗ್ಗು. ಮೆತ್ತನೆ ನೆಲಕ್ಕೆ ತಕ್ಕ ಸುಧಾರಿತ ಗೂಟ ಎಂದು ಮೇಲಿನವರಿಗೆ ಒಂದು ವರದಿ ಬರೆಯುವ ಆಲೋಚನೆಯೂ ಬಂತು. ಅಮ್ಮನಿಗೆ ತನ್ನ ತಲೆಗೆ ಹಚ್ಚಲು ಇಟ್ಟಿದ್ದ ಎಣ್ಣೆಯ ಚಿಂತೆ.

ಸಭೆಯ ದಿನ ಬೆಳಿಗ್ಗೆ ನಾಲ್ಕು ಆಳುಗಳನ್ನು ಕರೆದುಕೊಂಡು ಹೋಗಿ ಡೇರೆ ಎಬ್ಬಿಸಿದೆವು. ನನ್ನ ಗೂಟಗಳು ಒಂದೊಂದು ಏಟಿಗೆ ಸರ್ರನೆ ಕೆರೆಗೋಡಿನಲ್ಲಿ ಇಳಿದವು. ನೋಡಲು ಬಂದವರೆಲ್ಲ ಬೆರಗಾದರು. ಅಷ್ಟು ಸಂತೋಷದಿಂದ ಒಳಗೆ ಹೋಗುವುದು ಅಷ್ಟೇ ಸಂತೋಷದಿಂದ ಹೊರಗೂ ಬರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಕೆಳಗಿನ ಕೇರಿಯ ಮುನಿಯಮ್ಮ ಎಮ್ಮೆ ಮೇಯಿಸುತ್ತ ಅಲ್ಲೇ ಇದ್ದವಳು ಬಂದು ಒಂದು ಗೂಟ ಮುಟ್ಟಿ ನೋಡಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಕೆರೆಯಾಗೆ ಗೂಟ ನಿಲ್ಲಿಸಬಾರ್ದು ಅಮ್ಮಣ್ಣಿ, ಮಲಗಿಸಬೇಕು. ಮಧ್ಯಕ್ಕೆ ಹಗ್ಗ ಕಟ್ಟಿ, ಅಡ್ಡಡ್ಡಲಾಗಿ ಹೂತುಬಿಡಬೇಕು. ನಮ್ಮ ಎಮ್ಮೆಗೂ ಹಂಗೇ ಮಾಡದು" ಎಂದಳು.

ಎಮ್ಮೆಗೂ ಡೇರೆಗೂ ಇರುವ ವ್ಯತ್ಯಾಸವನ್ನು ನಾನು ಆಕೆಗೆ ತಾಳ್ಮೆಯಿಂದ ವಿವರಿಸಿದೆ. ಪುಸ್ತಕದ ಚಿತ್ರವನ್ನೂ ತೋರಿಸಿದೆ. ಆಕೆ ಚಿತ್ರ ನೋಡಿ, ಹಂಗಾ ಎಂದು ಎಮ್ಮೆಯ ಕಡೆಗೆ ಹೋದಳು. ಆದರೂ ತಲೆಗೆ ಹುಳ ಬಿಟ್ಟಹಾಗಾಯಿತು. ಒಂದು ಗೂಟ ಅಲುಗಾಡಿಸಿದೆ, ಅಲುಗಾಡಿತು. ಮನೆಯಲ್ಲಿ ನೆಲ ಹಾಕುವಾಗ ನೀರು ಚಿಮುಕಿಸಿ ತಟ್ಟುತ್ತಾರಲ್ಲ, ಹಾಗೆ ಮಾಡಿದರೆ ಬಿಸಿಲಿಗೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ ಎಂದು ಲೆಕ್ಕ ಹಾಕಿ, ಪ್ರತಿ ಗೂಟದ ಬುಡಕ್ಕೂ ಒಂದೊಂದು ಕೊಡ ನೀರು ಹೊಯ್ಸಿದೆ. ಸರ್ಕಾರದ ನೌಕರಿಯಲ್ಲಿ ನಾನು ಸ್ವಂತ ಬುದ್ಧಿ ಉಪಯೋಗಿಸಿದ್ದು ಅದೇ ಮೊದಲು.

ಮಧ್ಯಾಹ್ನಕ್ಕೆ ಹೆಂಗಸರು ಬಂದರು! ಒಬ್ಬಿಬ್ಬರಲ್ಲ, ನಲವತ್ತು ಜನ. ಮೇಲಿನ ಕೇರಿ, ಕೆಳಗಿನ ಕೇರಿ, ಎಲ್ಲರೂ. ಪಟೇಲರ ತಾಯಿ ನಾರಾಯಣಮ್ಮಜ್ಜಿಯೇ ಬಂದು ಇದ್ದ ಒಂದೇ ಕುರ್ಚಿಯಲ್ಲಿ ಕೂತರು. ಗಂಡಸರು ಕೆರೆಯ ಏರಿಯ ಮೇಲೆ, ಒಪ್ಪಂದದಂತೆ ಡೇರೆಗೆ ಬೆನ್ನು ಹಾಕಿ ಕೂತಿದ್ದರು. ಕಿವಿ ಮಾತ್ರ ಇತ್ತಲೇ ಇದ್ದವು. ನಾನು ಪಟ ನೇತುಹಾಕಿ, ಕೋಲು ಹಿಡಿದು, ಹೊಗೆ ಇಲ್ಲದ ಒಲೆಯ ಉಪನ್ಯಾಸ ಶುರುಮಾಡಿದೆ.

ಒಲೆಗೆ ಬಾಯಿ ಎಷ್ಟು ಅಗಲ ಇರಬೇಕು ಎಂಬಲ್ಲಿಗೆ ಬಂದಾಗ ಗಾಳಿ ಎದ್ದಿತು. ಪಚಕ್ ಎಂದು ಒಂದು ಗೂಟ ಕಿತ್ತು ಬಂತು. ನಾನು ಉಪನ್ಯಾಸ ನಿಲ್ಲಿಸದೆ ಹೋಗಿ ಆ ಹಗ್ಗವನ್ನು ಹಿಡಿದು ನಿಂತೆ. ಪಚಕ್! ಎರಡನೆಯದು. ಕಣ್ಣುಸನ್ನೆ ಮಾಡಿದೆ, ಅಮ್ಮ ಹೋಗಿ ಹಿಡಿದಳು. ಮೂರನೆಯದನ್ನು ಮುನಿಯಮ್ಮ ಹೇಳಿಸಿಕೊಳ್ಳದೆಯೇ ಹಿಡಿದಳು. ಒಲೆಯ ಹೊಗೆ ಕೊಳವೆ ಸೂರಿನ ಮೇಲೆ ಎಷ್ಟು ಎತ್ತರ ಹೋಗಬೇಕು ಎಂಬಲ್ಲಿಗೆ ಎಂಟು ಗೂಟ ಹೋಗಿದ್ದವು. ಒಂದೊಂದು ಹಗ್ಗಕ್ಕೆ ಮೂವರು, ನಾಲ್ವರು ಎದ್ದು ಹೋಗಿ ಜೋತುಬಿದ್ದರು. ಕೊನೆಗೆ ಹನ್ನೆರಡೂ ಹೋಗಿ, ನನ್ನ ಸಭೆಯಲ್ಲಿ ಕೂತು ಕೇಳುತ್ತಿದ್ದವರು ನಾರಾಯಣಮ್ಮಜ್ಜಿ ಒಬ್ಬರೇ. ಉಳಿದವರೆಲ್ಲ ನಿಂತು, ಹಗ್ಗ ಜಗ್ಗುತ್ತ, ಬಟ್ಟೆಗೋಡೆಯ ಸಂದಿಯಿಂದ ಕತ್ತು ಚಾಚಿ ಕೇಳುತ್ತಿದ್ದರು.

ಆದರೇನು, ಡೇರೆ ನಿಂತಿತ್ತು! ಮರೆ ಉಳಿದಿತ್ತು! ಇನ್ನು ಎರಡು ಮಾತು ಹೇಳಿ ಮುಗಿಸಿದರೆ ಗೆದ್ದ ಹಾಗೆ. ಮೇಲೇರಿದ್ದ ಉತ್ಸಾಹದಲ್ಲಿ ನಾನು ತರಬೇತಿಯಲ್ಲಿ ಹೇಳಿಕೊಟ್ಟಿದ್ದ ಕೊನೆಯ ಪ್ರಶ್ನೆಯನ್ನು ದೊಡ್ಡ ದನಿಯಲ್ಲಿ ಕೇಳಿಯೇಬಿಟ್ಟೆ.

"ಇಂಥ ಒಲೆ ಯಾರ್‍ಯಾರಿಗೆ ಬೇಕೋ, ಎಲ್ಲರೂ ಕೈ ಎತ್ತಿ!"

ಎತ್ತಿದರು. ಎಲ್ಲರೂ ಎತ್ತಿದರು. ಎರಡೂ ಕೈ ಎತ್ತಿದರು. ನಾನೂ ಎತ್ತಿದೆ.

ಆಮೇಲೆ ಕಂಡದ್ದು ಕತ್ತಲೆ. ಕತ್ತು ಚಾಚಿದ್ದವರನ್ನೆಲ್ಲ ಸೇರಿಸಿಕೊಂಡು ಕವುಚಿದ ಡೇರೆಯ ಅಡಿಯಲ್ಲಿ ಯಾರ ಮೊಣಕೈಯೋ ನನ್ನ ಮೂಗಿಗೆ ತಗುಲಿತ್ತು, ನನ್ನ ಕಾಲು ಯಾರದೋ ಮಡಿಲಲ್ಲಿತ್ತು. ಎಲ್ಲೋ ಪಕ್ಕದಿಂದ ನಾರಾಯಣಮ್ಮಜ್ಜಿಯ ದನಿ ತೆಲುಗಿನಲ್ಲಿ ಕೇಳಿತು. "ಪೊಗ ಲೇದು ಸರೇ, ಗಾಲಿ ಕೂಡಾ ಲೇದೇ ತಲ್ಲೀ." ಹೊಗೆ ಇಲ್ಲ ಸರಿ, ಗಾಳಿಯೂ ಇಲ್ಲವಲ್ಲಮ್ಮ ಎಂದು. ಅದನ್ನು ಕೇಳಿ ಒಬ್ಬಳು ಕಿಸಕ್ಕೆಂದಳು. ಇನ್ನೊಬ್ಬಳು ನಕ್ಕಳು. ಡೇರೆಗೆ ಡೇರೆಯೇ ಬಿದ್ದು ಬಿದ್ದು ನಗತೊಡಗಿತು.

ಏರಿಯ ಮೇಲಿನ ಗಂಡಸರು ಓಡಿ ಬಂದು ಬಟ್ಟೆ ಎತ್ತಿದರು. ಪಟೇಲರು ತಾಯಿಯನ್ನು ಎಬ್ಬಿಸಿ, ಕಾಲಿಗೆ ತೊಡರಿದ ಒಂದು ಗೂಟವನ್ನು ಕೈಗೆತ್ತಿಕೊಂಡು ನನ್ನ ಕಡೆ ತಿರುಗಿದರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಸುಧಾರಿತ ಗೂಟ ಅವರ ಕೈಯಿಂದ ಜಾರಿ ಅವರ ಕಾಲಿನ ಹೆಬ್ಬೆರಳ ಮೇಲೆಯೇ ಬಿತ್ತು. ಅವರು ಹೇಳಬೇಕೆಂದಿದ್ದ ಮಾತು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹೇಳಿದ ಮಾತನ್ನು ಬರೆಯುವ ಹಾಗಿಲ್ಲ.

ಮನೆಗೆ ಬಂದು ಕೂತು ಅತ್ತುಬಿಟ್ಟೆ. ಮೂರು ತಿಂಗಳು ತಿರುಗಿ ಗಳಿಸಿದ್ದು ಒಂದೇ ಗಾಳಿಗೆ ಹೋಯಿತಲ್ಲ ಎಂಬ ಸಂಕಟ. ಬಂದ ಆ ಹೆಂಗಸರು ಇನ್ನು ಬಾಗಿಲ ಹಿಂದಿನಿಂದಲೇ ನನ್ನನ್ನು ನೋಡಬೇಕಲ್ಲ ಎಂಬ ನಾಚಿಕೆ. ಅಮ್ಮ ಬಯ್ಯಲಿಲ್ಲ. ಸುಮ್ಮನೆ ಟ್ರಂಕಿಗೆ ಸೀರೆ ಜೋಡಿಸತೊಡಗಿದಳು. ಅದಕ್ಕಿಂತ ಬಯ್ದಿದ್ದರೇ ಚೆನ್ನಾಗಿತ್ತು.

ಮಾರನೆಯ ಬೆಳಿಗ್ಗೆ ಡೇರೆ ಮಡಿಸಿ ವಾಪಸು ಕಳಿಸೋಣವೆಂದು ಕೆರೆಗೆ ಹೋದರೆ, ಡೇರೆ ನೆಟ್ಟಗೆ ನಿಂತಿತ್ತು! ಮುನಿಯಮ್ಮ ಮತ್ತು ಇನ್ನೂ ನಾಲ್ಕು ಜನ ಹೆಂಗಸರು ಮೊಣಕಾಲುದ್ದ ಹಳ್ಳ ತೋಡಿ, ಹನ್ನೆರಡು ಗೂಟಗಳನ್ನೂ ಅಡ್ಡಲಾಗಿ ಮಲಗಿಸಿ, ಮೇಲೆ ಒಣಮಣ್ಣು ತುಂಬಿ ತುಳಿಯುತ್ತಿದ್ದರು. ಹಗ್ಗ ಹಿಡಿದು ಜಗ್ಗಿದೆ. ನಾನು ಅಲ್ಲಾಡಿದೆ, ಹಗ್ಗ ಅಲ್ಲಾಡಲಿಲ್ಲ. ಪಕ್ಕದಲ್ಲಿ ಪಟೇಲರು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು, ಕೋಲೂರಿ ನಿಂತು ನೋಡುತ್ತಿದ್ದರು. ನಾನು ತಲೆ ತಗ್ಗಿಸಿ, ತಪ್ಪಾಯಿತು, ಇನ್ನು ನಿಮ್ಮ ಜಗಲಿ ಹತ್ತುವುದಿಲ್ಲ ಎಂದೆ.

"ಅಯ್ಯೋ ಬಿಡಮ್ಮ" ಎಂದರು ಅವರು, ಬಹಳ ಅಕ್ಕರೆಯಿಂದ. "ನೀವು ಬಲೇ ಬುದ್ಧಿವಂತ್ರು, ನಮ್ಮ ಹೆಂಗಸ್ರ ತಲೆ ಕೆಡಿಸ್ತೀರ ಅಂತ ನಾವು ಹೆದ್ರಿಕೊಂಡಿದ್ವಿ. ನೆನ್ನೆ ಕಣ್ಣಾರೆ ನೋಡಿದ್ವಲ್ಲ, ಭಯ ಹೋಯ್ತು. ಇನ್ಮೇಲೆ ವಾರ ವಾರ ಕಳಿಸ್ತೀವಿ. ಪಾಪ, ನಿಮಗೂ ನಾಲ್ಕು ವಿಷಯ ಗೊತ್ತಾಗ್ಲಿ."

ಕಳಿಸಿದರು. ಒಂದು ವಾರವೂ ತಪ್ಪಲಿಲ್ಲ. ಆ ವರ್ಷ ಇಡೀ ಬ್ಲಾಕಿನಲ್ಲಿ ಅತಿ ಹೆಚ್ಚು ಹೆಂಗಸರು ಸೇರುತ್ತಿದ್ದ ಸಮಾಜ ನನ್ನದೇ. "ಗ್ರಾಮದ ಹಿರಿಯರಲ್ಲಿ ವಿಶ್ವಾಸ ಮೂಡಿಸಲು ವಿಶೇಷ ಪ್ರಯತ್ನ ಮಾಡಲಾಯಿತು" ಎಂದು ವರದಿಯಲ್ಲಿ ಬರೆದೆ. ಕೆಲಸ ಕಾಯಂ ಆಯಿತು. ಆಜ್ಞೆಯ ಕಾಗದವನ್ನು ಕೈಗೆ ಕೊಡುವಾಗ ಬ್ಲಾಕ್ ಆಫೀಸಿನ ಸಾಹೇಬರು, ಆ ಹಳ್ಳಿಯವರು ಯಾರನ್ನೂ ಹತ್ತಿರ ಸೇರಿಸುವವರಲ್ಲ, ನಿಮ್ಮಲ್ಲಿ ಅಂಥ ಏನು ಗುಣ ಕಂಡರು ಎಂದು ಕುತೂಹಲದಿಂದ ಕೇಳಿದರು. ನಾನು ತಲೆ ತಗ್ಗಿಸಿ ನೆಲ ನೋಡುತ್ತ ನಿಂತೆ. ಅವರು ಅದನ್ನು ವಿನಯ ಎಂದುಕೊಂಡರು.